ಖರ್ಜೂರಕ್ಕೆ ಹೋದ ಕ್ರೌನ್ ಪಿನಿಯನ್

ನನ್ನ ಕಾಲಲ್ಲಿ ಚಕ್ರ ಇದೆ ಎಂದು ಅಮ್ಮ ಹೇಳುತ್ತಿದ್ದಳು. ಹೊಗಳಿಕೆಯಲ್ಲ, ಬೈಗುಳ. ಅಪ್ಪ ತೀರಿಕೊಂಡ ಮೇಲೆ ಅವರ ಆಫೀಸಿನವರೇ ಕರೆದು ಕೊಟ್ಟ ಗುಮಾಸ್ತೆ ಕೆಲಸವನ್ನು ವರ್ಷ ತುಂಬುವ ಮೊದಲೇ ಬಿಟ್ಟು ಬಂದು, ಜಯನಗರದ ನಮ್ಮ ಮನೆಯ ಹಿತ್ತಿಲಲ್ಲಿ ತಗಡಿನ ಶೆಡ್ಡು ಹಾಕಿ, ಹಳೆಯ ಕಾರು ಲಾರಿಗಳ ರಿಪೇರಿಗೆ ಕೂತವನು ನಾನು. ಕೂತವನು ಅನ್ನುವುದೂ ತಪ್ಪೇ. ಕೂತದ್ದು ಕಮ್ಮಿ, ತಿರುಗಿದ್ದೇ ಹೆಚ್ಚು. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಯುದ್ಧಕ್ಕೆ ಮುಂಚಿನ ಕಾರುಗಳೂ, ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಲಾರಿಗಳೂ ಊರಲ್ಲಿ ಇನ್ನೂ ಓಡುತ್ತಿದ್ದವು. ಅವಕ್ಕೆ ಬೇಕಾದ ಸಾಮಾನು ಮಾತ್ರ ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ, ಹೊರದೇಶದಿಂದ ತರಿಸುವ ಹಾಗೂ ಇರಲಿಲ್ಲ. ಒಂದು ಲಾರಿಗೆ ಜೀವ ಬರಬೇಕಾದರೆ ಅದರ ಜಾತಿಯದೇ ಇನ್ನೊಂದು ಎಲ್ಲೋ ಸತ್ತಿರಬೇಕು. ಎಲ್ಲಿ ಸತ್ತಿದೆ ಎಂದು ಹುಡುಕಿಕೊಂಡು ಅಲೆಯುವುದೇ ನನ್ನ ಕಸುಬಾಗಿತ್ತು.

ನೆಂಟರು ಯಾರಾದರೂ ಕೇಳಿದರೆ ಅಮ್ಮ, "ಎಂಜಿನಿಯರಿಂಗ್ ಲೈನಲ್ಲಿದಾನೆ" ಎಂದು ಮಾತು ತೇಲಿಸಿಬಿಡುತ್ತಿದ್ದಳು. ನನ್ನ ಬಟ್ಟೆಯನ್ನು ಬೇರೆ ಬಕೆಟ್ಟಿನಲ್ಲಿ ನೆನೆಸುತ್ತಿದ್ದಳು. ಶೆಡ್ಡಿಗೆ ಕಾಲಿಡುತ್ತಿರಲಿಲ್ಲ. ವರ್ಷಕ್ಕೊಂದು ಸಲ, ಆಯುಧ ಪೂಜೆಯ ಹಿಂದಿನ ದಿನ ಮಾತ್ರ, ಸೆರಗು ಸಿಕ್ಕಿಸಿಕೊಂಡು ಪೊರಕೆ ಹಿಡಿದು ಒಳಗೆ ಬರುವಳು. ಗುಡಿಸಿ, ತೊಳೆದು, ರಂಗೋಲಿ ಹಾಕಿ, ಏನೇನಕ್ಕೆ ಕುಂಕುಮ ಇಡಬೇಕೋ ಅದಕ್ಕೆಲ್ಲ ಇಟ್ಟು ಹೋಗುವಳು. ಆ ಒಂದು ದಿನ ಶೆಡ್ಡು ಅವಳದು, ನಾನು ಬಾಯಿ ಮುಚ್ಚಿಕೊಂಡು ಆಚೆ ಇರಬೇಕು.

ಆ ವರ್ಷ ದಸರಾ ಹೊತ್ತಿಗೆ ಶೆಡ್ಡಿನಲ್ಲಿ ನಿಂತಿದ್ದದ್ದು ಹೊಸಕೆರೆಹಳ್ಳಿ ಕಡೆಯ ಒಬ್ಬ ಗೌಡರ ಲಾರಿ. ಅವರ ಹೊಲ ಹೊಸ ಬಡಾವಣೆಗೆ ಹೋಗಿತ್ತು. ಬಂದ ಪರಿಹಾರಕ್ಕೆ ಎತ್ತು ಮಾರಿದ ಹಣವನ್ನೂ ಸೇರಿಸಿ ಮಿಲಿಟರಿ ಲಾರಿಯೊಂದನ್ನು ಕೊಂಡಿದ್ದರು. ಕೊಂಡು ಇನ್ನೂ ನಾಲ್ಕು ಲೋಡು ಹೊಡೆಯುವಷ್ಟರಲ್ಲಿ ಅದರ ಹಿಂದಿನ ಆಕ್ಸಲ್ ಒಳಗಿನ ಹಲ್ಲುಗಳು ಉದುರಿ ಲಾರಿ ಕೂತುಬಿಟ್ಟಿತು. ಎಳೆಸಿಕೊಂಡು ತಂದು ನನ್ನ ಹಿತ್ತಿಲಿಗೆ ಬಿಟ್ಟರು. ಹೊಲ ಇಲ್ಲ, ಎತ್ತಿಲ್ಲ, ಲಾರಿಯೂ ಇಲ್ಲ ಅನ್ನುವ ಪರಿಸ್ಥಿತಿ ಆ ಮನುಷ್ಯರದು.

ಮುರಿದದ್ದು ಕ್ರೌನ್ ಪಿನಿಯನ್. ಎಂಜಿನ್ನಿನ ಸುತ್ತನ್ನು ಹಿಂದಿನ ಗಾಲಿಗಳ ಕಡೆಗೆ ಹೊರಳಿಸುವುದು ಅದೇ. ಊಟದ ತಟ್ಟೆಯಷ್ಟು ಅಗಲದ ಹಲ್ಲಿನ ಚಕ್ರ ಕ್ರೌನು. ಅದಕ್ಕೆ ಕಚ್ಚಿಕೊಂಡು ತಿರುಗುವ ಗಿಡ್ಡನೆಯದು ಪಿನಿಯನ್ನು. ಎರಡೂ ಜೋಡಿ. ಫ್ಯಾಕ್ಟರಿಯಲ್ಲೇ ಒಂದನ್ನೊಂದು ಉಜ್ಜಿ ಹೊಂದಿಸಿ, ಎರಡರ ಮೇಲೂ ಒಂದೇ ನಂಬರು ಕೆತ್ತಿ ಕಳಿಸಿರುತ್ತಾರೆ. ಇದರ ಕ್ರೌನಿಗೆ ಇನ್ನೊಂದರ ಪಿನಿಯನ್ ಕೂಡಿಸಿದರೆ ಲಾರಿ ದಾರಿಯುದ್ದಕ್ಕೂ ಊಳಿಡುತ್ತದೆ, ಸ್ವಲ್ಪ ದಿನಕ್ಕೆ ಮತ್ತೆ ಹಲ್ಲು ಉದುರುತ್ತವೆ.

ಹುಡುಕಲು ಹೊರಟರೆ ಲಾರಿ ಯಾವ ಕಂಪನಿಯದು ಅನ್ನುವುದೇ ಗೊತ್ತಾಗಲಿಲ್ಲ. ಹೆಸರಿನ ತಗಡು ಯಾವ ಕಾಲದಲ್ಲೋ ಕಿತ್ತುಹೋಗಿತ್ತು. ಬಾನೆಟ್ಟಿನ ಮೂತಿ ನೋಡಿ ಇಂಥದೇ ಎಂದು ಎದೆ ತಟ್ಟಿ ಹೇಳಿ, ಕಲಾಸಿಪಾಳ್ಯವೆಲ್ಲ ಸೋಸಿ ಒಂದು ಜೋಡಿ ತಂದೆ; ಕೂರಲಿಲ್ಲ. ಇನ್ನೊಂದು ತಂದೆ; ಅದೂ ಇಲ್ಲ. ಕೊನೆಗೆ ಆಕ್ಸಲ್ಲಿನ ಮೇಲಿನ ವರ್ಷಗಳ ಜಿಡ್ಡನ್ನು ಉಳಿಯಿಂದ ಕೆರೆದಾಗ ಎರಕದಲ್ಲಿ ಮೂಡಿದ ಗುರುತು ಕಂಡಿತು. ಮೂತಿ ಒಂದು ಕಂಪನಿಯದು, ಸೊಂಟ ಇನ್ನೊಂದರದು! ಯುದ್ಧದ ಅವಸರದಲ್ಲಿ ಯಾವ ಮಿಲಿಟರಿ ವರ್ಕ್‌ಶಾಪಿನಲ್ಲಿ ಯಾರು ಎರಡನ್ನೂ ಜೋಡಿಸಿದ್ದರೋ. ನನಗೆ ಸಿಟ್ಟು ಬಂದು ಸ್ಪ್ಯಾನರ್ ಎಸೆದೆ, ಆಮೇಲೆ ಒಬ್ಬನೇ ನಕ್ಕೆ.

ಆ ಸೊಂಟದ ಜಾತಿ ಹಿಡಿದು ಮದ್ರಾಸಿಗೆ ಹೋದೆ. ಬಂದರಿನ ಹಿಂದೆ ಮಿಲಿಟರಿ ಸಾಮಾನು ಮಾರುವ ಡಿಸ್ಪೋಸಲ್ ಅಂಗಡಿಗಳಲ್ಲಿ ಬೆವರು ಸುರಿಸಿ ಅಲೆದ ಮೇಲೆ ಸಿಕ್ಕಿತು. ಬಳಸದೇ ಇದ್ದ, ಮಿಲಿಟರಿಯವರು ಕಟ್ಟಿಟ್ಟ ಹಾಗೇ ಉಳಿದಿದ್ದ ಜೋಡಿ. ತುಕ್ಕು ಹಿಡಿಯದಿರಲಿ ಎಂದು ಮೈಗೆಲ್ಲ ಕರಿ ಗ್ರೀಸು ಮೆತ್ತಿ, ಮೇಣದ ಕಾಗದ ಸುತ್ತಿ, ಎರಡನ್ನೂ ತಂತಿಯಿಂದ ಬಿಗಿದಿದ್ದರು. ಗ್ರೀಸು ಒಣಗಿ ಡಾಂಬರಿನಂತೆ ಗಟ್ಟಿಯಾಗಿತ್ತು. ಅದನ್ನು ಹಾಸಿಗೆಯಲ್ಲಿ ಸುತ್ತಿಕೊಂಡು ರೈಲಿನಲ್ಲಿ ಮಗುವಿನಂತೆ ಪಕ್ಕದಲ್ಲೇ ಇಟ್ಟುಕೊಂಡು ತಂದೆ. ಶೆಡ್ಡಿನ ಮೇಜಿನ ಕೆಳಗೆ ಗೋಣಿತಾಟಿನ ಮೇಲಿಟ್ಟೆ.

ಗೌಡರು ದಿನಾ ಬರುತ್ತಿದ್ದರು. ಬಂದು ಹಳೇ ಟೈರಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು, "ಆಯ್ತಾ ಸ್ವಾಮಿ?" ಎನ್ನುವರು. ಇಲ್ಲ ಎಂದರೆ ಸುಮ್ಮನೆ ತಲೆಯಾಡಿಸುವರು. ಅವರು ಬೈದಿದ್ದರೆ ನನಗೆ ಹಾಯಾಗಿರುತ್ತಿತ್ತು. ಬೈಯದೆ ಕೂತವರ ಮುಂದೆ ಕೆಲಸ ಮಾಡುವುದು ಕಷ್ಟ. ಬೇಕಿಲ್ಲದಿದ್ದರೂ ಎದ್ದು ಆಚೆ ಈಚೆ ಓಡಾಡುತ್ತಿದ್ದೆ. ಬನಶಂಕರಿ ಆಚೆಯ ಹೊಸ ಬಡಾವಣೆಗೆ ಲಾರಿಯಲ್ಲಿ ಕಲ್ಲು ಸಾಗಿಸುವ ಕೆಲಸ ಅವರಿಗೆ ಸಿಕ್ಕಿತ್ತು. ವಿಜಯದಶಮಿ ದಿನ ಮೊದಲ ಲೋಡು ಬೀಳಬೇಕು, ಬೀಳದಿದ್ದರೆ ಬೇರೆ ಲಾರಿ ಹಾಕಿಕೊಳ್ತೀನಿ ಎಂದು ಕಂಟ್ರಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದ. "ಆಗ್ತದೆ ಗೌಡ್ರೇ, ನಾನಿದೀನಲ್ಲ" ಎಂದು ನಾನು ಮಾತು ಕೊಟ್ಟಿದ್ದೆ.

ಆಯುಧ ಪೂಜೆಯ ಹಿಂದಿನ ದಿನ ಬೇರಿಂಗು ತರಲು ಕಲಾಸಿಪಾಳ್ಯಕ್ಕೆ ಹೋದೆ. ಬರುವಾಗ ಕತ್ತಲಾಗಿತ್ತು. ಶೆಡ್ಡಿನ ಬಾಗಿಲಲ್ಲೇ ಅಮ್ಮ ತಡೆದಳು.

"ಈಗ ತಾನೇ ಸಾರಿಸಿದೀನಿ, ಇನ್ನೂ ಹಸಿ. ರಂಗೋಲಿ ತುಳಿದೀಯ ಜೋಕೆ!"

ಬೆಳಿಗ್ಗೆ ಎದ್ದು ಸಾಮಾನು ಕೂರಿಸಿ, ಕೆಲಸ ಮುಗಿದ ಮೇಲೆ ಸಂಜೆ ಪೂಜೆ ಮಾಡೋಣ ಅಂತ ನಮ್ಮಲ್ಲಿ ಒಪ್ಪಂದವಾಗಿತ್ತು. ಪೂಜೆ ಆಯಿತೆಂದರೆ ಹತಾರ ಮುಟ್ಟುವ ಹಾಗಿಲ್ಲವಲ್ಲ. ಸರಿ ಎಂದು ಊಟ ಮಾಡಿ ಮಲಗಿದೆ.

ಬೆಳಿಗ್ಗೆ ಬಾಗಿಲು ತೆಗೆದರೆ ಮೇಜಿನ ಮೇಲೆ ಮಣೆ, ಮಣೆಯ ಮೇಲೆ ಕ್ರೌನು. ಫಳಫಳ ಅಂತಿದೆ. ಹುಣಸೆಹಣ್ಣು, ಸೀಗೆಪುಡಿ ಹಾಕಿ ಉಜ್ಜಿದ್ದಾಳೆ. ಅರಿಶಿನ ಕುಂಕುಮ ಇಟ್ಟಿದ್ದಾಳೆ. ಸೇವಂತಿಗೆ ಹೂವನ್ನೂ ಏರಿಸಿದ್ದಾಳೆ. ಹತ್ತಿರ ಹೋಗಿ ನೋಡಿದೆ. ಒಂದು ಕಡೆ ಹಲ್ಲೇ ಇಲ್ಲ. ಮುರಿದದ್ದು! ಬಗ್ಗಿ ಮೇಜಿನ ಕೆಳಗೆ ನೋಡಿದರೆ ಗೋಣಿತಾಟೂ ಇಲ್ಲ, ಹೊಸ ಜೋಡಿಯೂ ಇಲ್ಲ.

"ಅಮ್ಮಾ! ಇಲ್ಲಿದ್ದ ಇನ್ನೊಂದೆಲ್ಲಿ?"

"ಯಾವುದು? ಆ ಕರೀದಾ? ಥೂ, ಟಾರು ಮೆತ್ತಿಕೊಂಡು ಅಸಹ್ಯವಾಗಿತ್ತು. ಖರ್ಜೂರದೋನು ಬಂದಿದ್ದ, ಹಾಕ್ಬಿಟ್ಟೆ."

ಹಳೇ ಕಬ್ಬಿಣ ತೆಗೆದುಕೊಂಡು ಖರ್ಜೂರ ಕೊಡುವವರು ಆಗ ಬೀದಿಬೀದಿಯಲ್ಲಿ ಕೂಗಿಕೊಂಡು ಬರುತ್ತಿದ್ದರು. ಹಬ್ಬದ ಮುಂಚೆ ಮನೆಮನೆಯವರೂ ತುಕ್ಕು ಹಿಡಿದ ಬಾಣಲೆ, ಮುರಿದ ಬಕೆಟ್ಟು ಕೊಟ್ಟು ಖರ್ಜೂರ ಈಸಿಕೊಳ್ಳುವರು. ಅಮ್ಮ ಲೆಕ್ಕ ಹಾಕಿದ್ದು ಹೀಗೆ: ಎರಡು ಒಂದೇ ಥರದ್ದಿವೆ, ಒಂದು ಹೊಳೀತಿದೆ, ಒಂದು ಕೊಳಕು, ಹೊಳೆಯೋದು ಒಳ್ಳೇದು, ಅದನ್ನಿಟ್ಟುಕೊಂಡು ಕೊಳಕನ್ನು ಕಳಿಸೋಣ. ವರ್ಷಗಟ್ಟಲೆ ತೇದು ಸವೆದದ್ದಕ್ಕೇ ಅದು ಹೊಳೆಯುತ್ತಿದೆ, ಯಾರೂ ಮುಟ್ಟದ್ದಕ್ಕೇ ಇದು ಕರ್ರಗಿದೆ ಎಂದು ಅವಳಿಗೆ ಹೇಳಿದವರು ಯಾರು? ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತ ನನಗೆ ಪಾಠ ಹೇಳುತ್ತಿದ್ದವಳು ಅವಳೇ.

ನನಗೆ ಆಗ ಇದೆಲ್ಲ ಹೊಳೆಯಲಿಲ್ಲ. ಮೈಯೆಲ್ಲ ಉರಿಯಿತು.

"ಬೇಕೂಂತಲೇ ಕೊಟ್ಟಿದೀಯ ನೀನು! ಈ ಶೆಡ್ಡು ಮುಚ್ಚಿಸಬೇಕು ನಿನಗೆ, ಅಷ್ಟೇ!" ಎಂದು ಕಿರುಚಿದೆ.

ಅಮ್ಮ ನನ್ನ ಹಿಂದೆ ನೋಡಿ ಸೆರಗು ಸರಿಮಾಡಿಕೊಂಡಳು. ಗೌಡರು ಬಂದು ನಿಂತಿದ್ದರು. ಹಬ್ಬಕ್ಕೆಂದು ಬಿಳೀ ಪಂಚೆ ಉಟ್ಟು, ಲಾರಿಗೆ ಕಟ್ಟಲು ಬಾಳೆಕಂದು ಹಿಡಿದುಕೊಂಡಿದ್ದರು. ಎಲ್ಲ ಕೇಳಿಸಿತ್ತು.

"ಖರ್ಜೂರಕ್ಕಾ?" ಎಂದರು. ಅಷ್ಟೇ. ಬಾಳೆಕಂದನ್ನು ಗೋಡೆಗೆ ಒರಗಿಸಿ ಟೈರಿನ ಮೇಲೆ ಕೂತರು.

ಅಮ್ಮ ಒಳಗೆ ಹೋದಳು. ಅಳಲು ಹೋದಳು ಅಂದುಕೊಂಡೆ. ಸೀರೆ ಬದಲಾಯಿಸಿ, ಕೈಚೀಲ ಹಿಡಿದು ಬಂದಳು.

"ನಡಿ. ಅವನ ಮುಖ ಗೊತ್ತಿರೋದು ನನಗೆ. ಯಡಿಯೂರು ಕೆರೆ ಹತ್ತಿರ ಇರೋದು ಅವನು."

ಹಬ್ಬದ ದಿನ, ಒಲೆ ಹಚ್ಚದೆ, ಹೋಳಿಗೆಗೆ ಬೇಳೆ ನೆನೆಹಾಕಿದ್ದನ್ನು ಹಾಗೇ ಬಿಟ್ಟು ಅವಳು ಮನೆಯಿಂದ ಹೊರಟದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಹೆಜ್ಜೆ ಹಾಕುವುದರಲ್ಲಿ ನನಗಿಂತ ಮುಂದೆ. ಚಕ್ರ ಯಾರ ಕಾಲಿನಿಂದ ನನ್ನ ಕಾಲಿಗೆ ಬಂದದ್ದು ಅಂತ ಅವತ್ತು ಗೊತ್ತಾಯಿತು.

ಖರ್ಜೂರದವನು ತಳ್ಳುಗಾಡಿ ತೊಳೆದು ವಿಭೂತಿ ಬಳಿಯುತ್ತಿದ್ದ. ಅಮ್ಮನನ್ನು ನೋಡಿ ಅವನಿಗೆ ಗಾಬರಿ.

"ಖರ್ಜೂರ ಸರಿಯಿಲ್ವಾಮ್ಮಾ?"

"ಖರ್ಜೂರ ಹಾಳಾಗಲಿ. ನಿನ್ನೆ ನಾನು ಕೊಟ್ಟ ಕರೀ ಕಬ್ಬಿಣ ಎಲ್ಲಪ್ಪ?"

"ಅದಾ? ಸಂಜೇನೇ ಹಾಕ್ಬಿಟ್ಟೆನಮ್ಮಾ, ಮಾರ್ಕೆಟ್ ಹಿಂದ್ಗಡೆ ಸಾಬ್ರ ಗುಜರಿಗೆ. ಅಲ್ಲಿಂದ ದಿನಾ ಬೆಳಿಗ್ಗೆ ಲೋಡು ಹೋಗ್ತದೆ, ಭಟ್ಟಿಗೆ. ಕರಗ್ಸೋಕೆ."

ಬೆಳಿಗ್ಗೆ ಎಂದರೆ ಈಗಲೇ. ಬಸ್ಸು ಬರುವತನಕ ನಾನು ಸ್ಟಾಪಿನಲ್ಲಿ ನಿಂತಲ್ಲಿ ನಿಲ್ಲಲಿಲ್ಲ. ಬಸ್ಸು ಹತ್ತಿದ ಮೇಲೂ ಕಂಬಿ ಹಿಡಿದು, ಡ್ರೈವರು ಪ್ರತಿ ಸಲ ಬ್ರೇಕು ಒತ್ತಿದಾಗಲೂ ಒಳಗೊಳಗೇ ಶಾಪ ಹಾಕುತ್ತಿದ್ದೆ. ಲಾಲ್‌ಬಾಗ್ ದಾಟಿದ ಮೇಲೆ ಸೀಟಿನಲ್ಲಿ ಕೂತಿದ್ದ ಅಮ್ಮ ತಲೆ ಎತ್ತದೆಯೇ ಹೇಳಿದಳು:

"ಶೆಡ್ಡು ಮುಚ್ಚಿಸಬೇಕಿದ್ದರೆ ಕಬ್ಬಿಣ ಯಾಕೋ ಕೊಡ್ಲಿ? ನಿನ್ನನ್ನೇ ಕೊಟ್ಟು ಖರ್ಜೂರ ಈಸ್ಕೋತಿದ್ದೆ."

ಪಕ್ಕದ ಸೀಟಿನ ಹೆಂಗಸು ಕಿಸಕ್ಕನೆ ನಕ್ಕಳು. ನನಗೆ ನಗುವೂ ಬಂತು, ನಾಚಿಕೆಯೂ ಆಯಿತು. "ಸರಿ ಬಿಡು" ಎಂದೆ.

ಗುಜರಿಯ ಅಂಗಳದಲ್ಲಿ ಲಾರಿ ನಿಂತಿತ್ತು, ಖಾಲಿ! ಜೀವ ಬಂದ ಹಾಗಾಯಿತು. ಪಕ್ಕದಲ್ಲಿ ಆಳೆತ್ತರದ ಕಬ್ಬಿಣದ ರಾಶಿ. ಅಂಗಡಿಯ ಸಾಬರು ಕುರ್ಚಿಯ ಮೇಲೆ ಕೈಕಟ್ಟಿಕೊಂಡು ಕೂತಿದ್ದರು.

"ಇವತ್ತು ಲೋಡು ಇಲ್ಲ ಸಾರ್" ಎಂದರು. "ನಮ್ ಹಮಾಲಿಗಳು ತಕ್ಕಡಿಗೆ ಪೂಜೆ ಮಾಡ್ಬಿಟ್ಟವ್ರೆ. ನಾಳೆ ಮಧ್ಯಾಹ್ನತನಕ ಮುಟ್ಟೋಂಗಿಲ್ಲ ಅಂತಾರೆ. ನಾನೇನ್ ಮಾಡ್ಲಿ, ವರ್ಷಕ್ಕೊಂದ್ ದಿನ ಅವರದೇ ರಾಜ್ಯ."

ನೋಡಿದರೆ, ಸರಪಳಿಗೆ ತೂಗುಬಿದ್ದ ದೊಡ್ಡ ತಕ್ಕಡಿಗೆ ಚೆಂಡುಹೂವಿನ ಹಾರ, ತಟ್ಟೆಗಳಿಗೆ ಕುಂಕುಮ, ಮುಂದೆ ಒಡೆದ ತೆಂಗಿನಕಾಯಿ. ಹಮಾಲಿಗಳು ಮಂಡಕ್ಕಿ ತಿನ್ನುತ್ತಾ ಕೂತಿದ್ದರು. ನಾನು ಕೇಳಿಯೂ ಕೇಳದೆ ರಾಶಿಗೆ ಕೈಹಾಕಿದೆ. ಅಮ್ಮ ಇನ್ನೊಂದು ಕಡೆಯಿಂದ. ಕಿಟಕಿ ಸರಳು, ಬಾವಿ ರಾಟೆ, ಸೈಕಲ್ಲಿನ ಚೌಕಟ್ಟು, ಏನುಂಟು ಏನಿಲ್ಲ! ಕೈ ತರಚಿತು. "ಇಲ್ಲಿದೆ ನೋಡೋ!" ಎಂದು ಅಮ್ಮ ಕೂಗಿದಾಗ ಓಡಿದೆ. ತಂತಿ ಬಿಚ್ಚಿರಲಿಲ್ಲ. ಕಾಗದ ಹರಿದಿತ್ತು, ಗ್ರೀಸು ಹಾಗೇ ಇತ್ತು. ಹೆಬ್ಬೆರಳಿಂದ ಒರೆಸಿ ನೋಡಿದೆ: ಹಲ್ಲೆಲ್ಲ ನೆಟ್ಟಗಿದ್ದವು, ಎರಡರ ಮೇಲೂ ಅದೇ ನಂಬರು. ಅಲ್ಲೇ ಕುಕ್ಕರಿಸಿ ಕೂತುಬಿಟ್ಟೆ.

"ತಗೊಂಡ್ ಹೋಗಿ, ನಂದೇನಿಲ್ಲ" ಎಂದರು ಸಾಬರು. "ಆದ್ರೆ ತೂಕ ಆಗ್ದೆ ಇಲ್ಲಿಂದ ಒಂದ್ ಮೊಳೆನೂ ಆಚೆ ಹೋಗಲ್ಲ. ನಮ್ಮಪ್ಪನ ಕಾಲದಿಂದ ಹಂಗೇ. ನಾಳೆ ಮಧ್ಯಾಹ್ನ ಬನ್ನಿ."

ನಾಳೆ ಮಧ್ಯಾಹ್ನ! ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂದರೆ ಇದೇ. ಅಂದಾಜಿಗೆ ಹೇಳಿ, ಎಷ್ಟಾದರೂ ಕೊಡ್ತೀನಿ ಎಂದೆ. ಸಾಬರು ತಲೆಯಾಡಿಸಿದರು. ಹಮಾಲಿಗಳ ಕಾಲು ಹಿಡಿಯುವುದೊಂದು ಬಾಕಿ. ಅವರಲ್ಲಿ ಹಿರಿಯ ಗಟ್ಟಿಯಾಗಿ ಹೇಳಿಬಿಟ್ಟ: "ದೇವರು ಕುಂತೈತೆ ಸ್ವಾಮಿ ಅದರ್ ಮ್ಯಾಲೆ. ಅಲ್ಲಾಡಿಸಿದ್ರೆ ವರ್ಷೆಲ್ಲಾ ಕೈಕಾಲು ಮುರ್ಕೋತೀವಿ. ಆಗಾಕಿಲ್ಲ."

ನಾನು ಜಗಳಕ್ಕೆ ನಿಲ್ಲುವವನಿದ್ದೆ. ಅಮ್ಮ ನನ್ನ ತೋಳು ಹಿಡಿದು ಪಕ್ಕಕ್ಕೆ ಸರಿಸಿದಳು. ಗ್ರೀಸಾದ ಕೈಯನ್ನು ನಲ್ಲಿಯಲ್ಲಿ ತೊಳೆದುಕೊಂಡು ತಕ್ಕಡಿಯ ಮುಂದೆ ಹೋಗಿ ನಿಂತಳು.

"ಪೂಜೆ ಮುಗೀತಾ?"

"ಮುಗೀತು ಅಮ್ಮಾವ್ರೇ."

"ನೈವೇದ್ಯ? ಮಂಗಳಾರತಿ?"

"ಎಲ್ಲಾ ಆಯ್ತು."

"ಮತ್ತೆ ಕದಲಿಸಲಿಲ್ಲವಾ?"

ಅವನು ತಕ್ಕಡಿಯ ಕಡೆ ತಿರುಗಿ ನೋಡಿದ. ಗಣಪತಿಯನ್ನಾಗಲಿ, ಕಲಶವನ್ನಾಗಲಿ ಪೂಜೆ ಮುಗಿದ ಮೇಲೆ ಅಕ್ಷತೆ ಹಾಕಿ ಉತ್ತರಕ್ಕೆ ಒಂದಿಷ್ಟು ಕದಲಿಸುತ್ತೇವಲ್ಲ, ಹೋಗಿಬಾ ಎಂದು ದೇವರನ್ನು ಕಳಿಸಿಕೊಡುವುದು ಅದು. ಅದಾದ ಮೇಲೆ ಮುಟ್ಟಬಹುದು, ಎತ್ತಿಡಬಹುದು.

"ಕೂರಿಸಿದ ದೇವರನ್ನ ಹಾಗೇ ಬಿಟ್ಟು ಮಂಡಕ್ಕಿ ತಿಂತಾ ಕೂತಿದೀರಲ್ಲಪ್ಪ! ಕೊಡು ಅಕ್ಷತೆ" ಎಂದು ಅವನ ತಟ್ಟೆಯಿಂದ ನಾಲ್ಕು ಕಾಳು ತೆಗೆದು, ಬಾಯಲ್ಲಿ ಏನೋ ಹೇಳಿಕೊಂಡು, ತಕ್ಕಡಿಯ ಮೇಲೆ ಹಾಕಿ, ಎರಡೂ ಕೈಯಿಂದ ಅದನ್ನು ಉತ್ತರದ ಕಡೆಗೆ ಮೆಲ್ಲಗೆ ತೂಗಿಬಿಟ್ಟಳು. "ಆಯ್ತು. ಪಾಪ ಬಂದರೆ ನನಗೆ. ಈಗ ಆ ಸಾಮಾನು ತೂಗಿ. ಅಲ್ಲಿ ಒಬ್ಬರು ಹಬ್ಬದ ದಿನ ಊಟ ಬಿಟ್ಟು ಕೂತಿದಾರೆ."

ಹಿರಿಯ ಹಮಾಲಿ ತಕ್ಕಡಿಗೆ ಕೈಮುಗಿದು ಎದ್ದ. ಸಾಬರು ಕಬ್ಬಿಣದ ದರವನ್ನಷ್ಟೇ ತೆಗೆದುಕೊಂಡರು. "ನಿಮ್ ಮಗ ಏನ್ ಮಾಡ್ತಾರಮ್ಮಾ?" ಎಂದು ಕೇಳಿದರು.

"ಮೆಕ್ಯಾನಿಕ್ಕು" ಎಂದಳು ಅಮ್ಮ.

ಬಸ್ಸಿನಲ್ಲಿ ಅದನ್ನು ನನಗೆ ಕೊಡಲಿಲ್ಲ. ತನ್ನ ಮಡಿಲಲ್ಲೇ ಇಟ್ಟುಕೊಂಡು ಬಂದಳು. ಸೀರೆಗೆ ಆದ ಕರಿ ಯಾವ ಸೀಮೆಎಣ್ಣೆಗೂ ಹೋಗಲಿಲ್ಲ.

ಸಂಜೆಯ ಪೂಜೆಯನ್ನು ಮುಂದೂಡಿ ಕೆಲಸಕ್ಕೆ ಇಳಿದೆ. ಗೌಡರು ಟೈರು ಬಿಟ್ಟು ಎದ್ದು ದೀಪ ಹಿಡಿದರು. ಹಲ್ಲಿಗೆ ಹಲ್ಲು ಎಲ್ಲಿ ಕಚ್ಚುತ್ತದೆ ಅಂತ ನೋಡಲು ಸಿಂಧೂರ ಬಳಿದು ತಿರುಗಿಸುವುದು, ಬಿಚ್ಚುವುದು, ತೆಳ್ಳನೆಯ ತಗಡಿನ ಬಿಲ್ಲೆ ಇಡುವುದು, ಮತ್ತೆ ತಿರುಗಿಸುವುದು. ನನ್ನಂಥ ಅವಸರದವನಿಗೆ ಅದು ಶಿಕ್ಷೆ. ಬೆಳಕು ಹರಿಯುವ ಹೊತ್ತಿಗೆ ಲಾರಿ ತನ್ನ ಕಾಲ ಮೇಲೆ ನಿಂತಿತ್ತು. ಅಮ್ಮ ಸ್ನಾನ ಮಾಡಿ ಬಂದು ಅದಕ್ಕೆ ಕುಂಕುಮ ಇಟ್ಟು, ಗಾಲಿಗಳ ಕೆಳಗೆ ನಿಂಬೆಹಣ್ಣಿಟ್ಟಳು. ಗೌಡರು ಅವಳಿಗೆ ಬಗ್ಗಿ ನಮಸ್ಕಾರ ಮಾಡಿದರು. ಅವಳು ಅವರ ಕಡೆ ನೋಡದೆ, "ಹೋಗ್ಬನ್ನಿ, ಹೊತ್ತಾಗುತ್ತೆ" ಎಂದಳು.

ಮೊದಲ ಲೋಡಿಗೆ ನಾನೇ ಸ್ಟೇರಿಂಗ್ ಹಿಡಿದೆ. ಭಾರ ಬಿದ್ದಾಗ ಜೋಡಿ ಏನನ್ನುತ್ತದೆ ಎಂದು ಕೇಳದೆ ನನಗೆ ಸಮಾಧಾನವಿಲ್ಲ. ಕನಕಪುರ ರಸ್ತೆಯ ಆಚೆ ಬಂಡೆ ಒಡೆಯುವಲ್ಲಿ ಬುನಾದಿ ಕಲ್ಲು ತುಂಬಿಸಿಕೊಂಡು ಹೊರಟೆವು. ಗೌಡರು ಪಕ್ಕದಲ್ಲಿ ಕೂತಿದ್ದರು, ಇಳಿಸುವ ಆಳುಗಳು ಕಲ್ಲಿನ ಮೇಲೆ. ಏರಿನಲ್ಲಿ ಕಿವಿ ಕೊಟ್ಟೆ. ಇಳಿಜಾರಿನಲ್ಲಿ ಕಾಲು ಎತ್ತಿ ಕಿವಿ ಕೊಟ್ಟೆ. ಎಂಜಿನ್ನಿನ ಸದ್ದು ಬಿಟ್ಟರೆ ಹಿಂದಿನಿಂದ ಒಂದು ಸೊಲ್ಲೂ ಇಲ್ಲ.

"ಕೇಳಿದ್ರಾ ಗೌಡ್ರೇ? ಎಲ್ಲಾದ್ರೂ ಉಸಿರು ಇದೆಯಾ? ಬೆಣ್ಣೆ ಬೆಣ್ಣೆ!"

"ಔದು ಸ್ವಾಮಿ" ಎಂದರು.

ನನಗೆ ಖುಷಿ ತಡೆಯಲಾಗುತ್ತಿರಲಿಲ್ಲ. ಕ್ರೌನಿನ ಪುರಾಣ, ಮದ್ರಾಸಿನ ಕಥೆ, ಗುಜರಿಯ ಕಥೆ, ಒಂದೇ ಸಮ ವಟಗುಟ್ಟಿದೆ. ಅವರು ದಾರಿ ಹೇಳಿದರು. "ಇಲ್ಲಿ ಬಲಕ್ಕೆ." "ಹುಣಸೇಮರ ಆದ್ಮ್ಯಾಕೆ ಎಡಕ್ಕೆ." ಬೋರ್ಡಿಲ್ಲ, ರಸ್ತೆಯೆಂಬುದೂ ಸರಿಯಾಗಿಲ್ಲ, ಎಲ್ಲಿ ನೋಡಿದರೂ ಮಟ್ಟ ಮಾಡಿದ ಕೆಮ್ಮಣ್ಣು, ಸುಣ್ಣದ ಗೆರೆ, ನೆಟ್ಟ ಗೂಟ. ಅದರಲ್ಲೂ ಈ ಮನುಷ್ಯರು ಒಂದು ಕಡೆಯೂ ತಡವರಿಸಲಿಲ್ಲ.

"ಇಲ್ಲೇ ಸ್ವಾಮಿ. ರಿವರ್ಸ್ ತಗೊಳ್ಳಿ, ನಾನು ಹೇಳ್ತೀನಿ" ಎಂದು ಚಪ್ಪಲಿ ಬಿಟ್ಟು ಕೆಳಗಿಳಿದರು. ಲಾರಿಯ ಹಿಂದೆ ಹೋಗಿ ಕೈ ಬೀಸತೊಡಗಿದರು. ನಾನು ಕಿಟಕಿಯಿಂದ ತಲೆ ಹಾಕಿ ಅವರನ್ನೇ ನೋಡುತ್ತಾ ಹಿಂದಕ್ಕೆ ಬಿಟ್ಟೆ.

"ಬರ್ಲಿ... ಬರ್ಲಿ... ಬರ್ಲಿ... ಎಡಕ್ಕೆ ಒಡೀರಿ ಸ್ವಾಮಿ, ಎಡಕ್ಕೆ! ಈ ಕಡೆ ನಮ್ಮ ಬದ ಐತೆ, ಗಾಲಿ ಇಳ್ಕೊಂಡಾತು!"

ನಾನು ನೋಡಿದೆ. ಹೊಲವೆಲ್ಲಿ, ಬದು ಎಲ್ಲಿತ್ತು? ಅವರ ಕಾಲಿನಿಂದ ಸುಣ್ಣದ ಗೆರೆಯತನಕ ನೆಲ ಅಂಗೈಯಷ್ಟು ಸಪಾಟಾಗಿತ್ತು.

ನಾನು ಎಡಕ್ಕೆ ಹೊಡೆದೆ.